ಮೆಟ್ಟಿಲ ಕೆಳಗಿನ ಪೆಟ್ಟಿಗೆ

ಮನೆಯಲ್ಲೇ ಕೂತು ಕೆಲಸ ಮಾಡುವುದೆಂದು ತೀರ್ಮಾನವಾದ ಕೂಡಲೇ ಎಲ್ಲರೂ ಮೊದಲು ಹುಡುಕುವುದು ಒಳ್ಳೆಯ ಮೇಜು, ಕುರ್ಚಿ. ನಾನೂ ಹಾಗೇ ಮಾಡಿದ್ದೆ. ಕಿಟಕಿ ಪಕ್ಕ ಮೇಜು ಹಾಕಿ, ಬೆಳಕು ಎಡಗಡೆಯಿಂದ ಬೀಳುವಂತೆ ಸರಿಸಿ, ಕಪಾಟಿನಲ್ಲಿ ಕಡತ ಜೋಡಿಸಿ, ಎಲ್ಲ ಸರಿಯಾಯಿತು ಎಂದುಕೊಂಡೆ. ಆಮೇಲೆ ಮಳೆಗಾಲ ಬಂತು. ನಮ್ಮ ಸಾಗರದ ಕಡೆ ಮಳೆ ಹಿಡಿಯಿತೆಂದರೆ ಲೈನಿನ ಮೇಲೆ ಮರ ಬೀಳುವುದು ಹೊಸ ಸುದ್ದಿಯಲ್ಲ. ಕರೆಂಟು ಹೋಯಿತು. ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲಿ ನಡೆಯುತ್ತಲೇ ಇತ್ತು, ಆದರೆ ರೌಟರ್ ಆರಿಹೋಗಿ ಮೀಟಿಂಗು ಅರ್ಧಕ್ಕೇ ನಿಂತಿತು. ಮನೆಯ ಕಚೇರಿಗೆ ಆಧಾರ ಮೇಜಲ್ಲ, ಯುಪಿಎಸ್ ಎಂಬುದು ಅಂದು ತಿಳಿಯಿತು.

ನಾವು ಯುಪಿಎಸ್ ಎನ್ನುವುದರಲ್ಲಿ ಎರಡು ವಸ್ತುಗಳಿವೆ: ಮೇಲಿನ ಇನ್ವರ್ಟರ್, ಕೆಳಗಿನ ಬ್ಯಾಟರಿ. ಬ್ಯಾಟರಿ ಕೊಡುವುದು ಒಂದೇ ದಿಕ್ಕಿಗೆ ಹರಿಯುವ 12 ವೋಲ್ಟಿನ ವಿದ್ಯುತ್ತು. ಗೋಡೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟು, ಅದೂ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಇನ್ವರ್ಟರಿನೊಳಗಿನ ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಬ್ಯಾಟರಿಯ ವಿದ್ಯುತ್ತನ್ನು ಅದೇ ವೇಗದಲ್ಲಿ ಹಿಂದೆ ಮುಂದೆ ತಿರುಗಿಸುತ್ತವೆ, ಟ್ರಾನ್ಸ್‌ಫಾರ್ಮರ್ ಅದನ್ನು 230ಕ್ಕೆ ಏರಿಸುತ್ತದೆ. ಹತ್ತಿರ ಹೋದರೆ ಕೇಳುವ ಗುಂಯ್ ಎಂಬ ಸದ್ದು ಆ ಟ್ರಾನ್ಸ್‌ಫಾರ್ಮರಿನದು. ಅಗ್ಗದ ಇನ್ವರ್ಟರುಗಳಲ್ಲಿ ಈ ಏರಿಳಿತ ಮೆಟ್ಟಿಲಿನಂತೆ ಚೌಕ ಚೌಕವಾಗಿರುತ್ತದೆ. ಫ್ಯಾನು ಗೊರಗುಡುವುದು ಅದಕ್ಕೇ. ಕೆಲಸಕ್ಕೆಂದೇ ಕೊಳ್ಳುವವರು ಏರಿಳಿತ ನುಣುಪಾಗಿರುವ ಸೈನ್ ವೇವ್ ಇನ್ವರ್ಟರನ್ನೇ ಕೊಳ್ಳಬೇಕು.

ಲೈನು ಹೋದಾಗ ಒಳಗಿನ ರಿಲೇ ಟಕ್ಕೆಂದು ಬ್ಯಾಟರಿ ಕಡೆಗೆ ಹೊರಳಲು ಮಿಲಿಸೆಕೆಂಡುಗಳು ಬೇಕು. ಬಲ್ಬಿಗೆ ಅದು ಲೆಕ್ಕಕ್ಕಿಲ್ಲ. ರೌಟರ್ ಕೆಲವೊಮ್ಮೆ ಅಷ್ಟಕ್ಕೇ ಆರಿ, ಮತ್ತೆ ಹತ್ತಿಕೊಳ್ಳಲು ಎರಡು ನಿಮಿಷ ತೆಗೆದುಕೊಳ್ಳುತ್ತದೆ. ಅನೇಕ ಇನ್ವರ್ಟರುಗಳ ಹಿಂದೆ ಯುಪಿಎಸ್ ಮೋಡ್ ಎಂಬ ಗುಂಡಿಯಿದೆ. ಅದನ್ನು ಒತ್ತಿದರೆ ಹೊರಳುವುದು ಬೇಗ. ವರ್ಷಗಟ್ಟಲೆ ಅದನ್ನು ಮುಟ್ಟದವರೇ ಹೆಚ್ಚು.

ಇನ್ನು ಬ್ಯಾಟರಿ. ನನಗೆ ತುಂಬ ಪ್ರೀತಿಯ ಭಾಗ ಇದು. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಅದ್ದಿದ. ಖಾಲಿಯಾದರೆ ಮತ್ತೆ ತುಂಬಬಹುದಾದ ಬ್ಯಾಟರಿ ಹುಟ್ಟಿದ್ದು ಹಾಗೆ. ನಮ್ಮ ಮೆಟ್ಟಿಲ ಕೆಳಗಿರುವುದೂ ಅದೇ ವಂಶದ್ದು. ಒಳಗೆ ಆರು ಕೋಣೆಗಳು, ಒಂದೊಂದರಲ್ಲೂ ಸುಮಾರು 2 ವೋಲ್ಟು. ಒಂದು ಫಲಕ ಸೀಸ, ಇನ್ನೊಂದು ಸೀಸದ ಡೈಆಕ್ಸೈಡು. ವಿದ್ಯುತ್ತು ಕೊಡುತ್ತ ಹೋದಂತೆ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂರುತ್ತದೆ, ಆಮ್ಲ ತೆಳುವಾಗಿ ನೀರಿನ ಪಾಲು ಹೆಚ್ಚುತ್ತದೆ. ಚಾರ್ಜು ಮಾಡಿದಾಗ ಎಲ್ಲವೂ ಹಿಂದಕ್ಕೆ ತಿರುಗುತ್ತದೆ. ಪೂರ್ತಿ ಖಾಲಿ ಮಾಡಿ ದಿನಗಟ್ಟಲೆ ಹಾಗೇ ಬಿಟ್ಟರೆ ಮಾತ್ರ ಸಲ್ಫೇಟು ಗಟ್ಟಿ ಹರಳಾಗಿಬಿಡುತ್ತದೆ, ಆಮೇಲೆ ಕರಗುವುದಿಲ್ಲ. ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಮೇನ್ ಸ್ವಿಚ್ ಆರಿಸಿ, ಯುಪಿಎಸ್ ಹಾಗೇ ಬಿಟ್ಟು ಹೋದವರ ಬ್ಯಾಟರಿ ಸಾಯುವುದು ಹೀಗೆ.

ಚಾರ್ಜಾಗುವಾಗ ಒಳಗಿನ ನೀರು ಸ್ವಲ್ಪ ಸ್ವಲ್ಪ ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿ ಹೊರಹೋಗುತ್ತದೆ. ಬ್ಯಾಟರಿಯ ಮೇಲೆ ಸಾಲಾಗಿರುವ ಆರು ಮುಚ್ಚಳಗಳಲ್ಲಿ ಬೆರಳುದ್ದದ ತೇಲುಕಡ್ಡಿಗಳಿವೆ. ಕಡ್ಡಿ ಇಳಿದು ಕೆಂಪು ಗೆರೆ ಮುಟ್ಟಿತೆಂದರೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡ, ಅದರ ಲವಣಗಳು ಫಲಕವನ್ನು ಕೆಡಿಸುತ್ತವೆ. ಆಮ್ಲವನ್ನಂತೂ ಎಂದೂ ಸೇರಿಸಬೇಡಿ, ಹೋಗಿರುವುದು ನೀರು ಮಾತ್ರ. ಅಂದ ಕೆಡಬಾರದೆಂದು ಮೇಜಿನ ಕೆಳಗೆ ಪ್ಲೈವುಡ್ ಪೆಟ್ಟಿಗೆ ಹೊಡೆಸಿ ಬ್ಯಾಟರಿಯನ್ನು ಮುಚ್ಚಿಟ್ಟದ್ದನ್ನು ನೋಡಿದ್ದೇನೆ. ಇದು ಅಪಾಯ. ಗಾಳಿಯಲ್ಲಿ ಹೈಡ್ರೋಜನ್ ಶೇಕಡಾ 4 ಮುಟ್ಟಿದರೆ ಒಂದು ಕಿಡಿ ಸಾಕು. ಗಾಳಿಯಾಡುವ ಜಾಗವೇ ಬೇಕು.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂಬ ಲೆಕ್ಕ ಸುಲಭ. 150 ಆಂಪಿಯರ್-ಅವರ್ ಬ್ಯಾಟರಿಯನ್ನು 12 ವೋಲ್ಟಿನಿಂದ ಗುಣಿಸಿದರೆ 1,800 ವ್ಯಾಟ್-ಅವರ್. ಇನ್ವರ್ಟರಿನಲ್ಲಿ ಐದರಲ್ಲೊಂದು ಪಾಲು ಶಾಖವಾಗಿ ಹೋಗುತ್ತದೆಂದು ಹಿಡಿಯೋಣ. ಲ್ಯಾಪ್‌ಟಾಪಿಗೆ 60 ವ್ಯಾಟು, ರೌಟರಿಗೆ 10, ಫ್ಯಾನಿಗೆ 70, ಎಲ್‌ಇಡಿ ಬಲ್ಬಿಗೆ 9, ಒಟ್ಟು 150ರ ಹತ್ತಿರ. ಕಾಗದದ ಮೇಲೆ ಒಂಬತ್ತೂವರೆ ತಾಸು. ಬ್ಯಾಟರಿ ಬಾಳಬೇಕೆಂದು ಅರ್ಧಕ್ಕೇ ನಿಲ್ಲಿಸಿದರೆ ನಾಲ್ಕೂಮುಕ್ಕಾಲು. ಬೆಳಗಿನ ಪಾಳಿಯ ಕೆಲಸ ಮುಗಿಯುತ್ತದೆ. ಲೇಸರ್ ಪ್ರಿಂಟರನ್ನು ಮಾತ್ರ ಈ ಸಾಲಿಗೆ ಸೇರಿಸಬೇಡಿ. ಕಾಗದದ ಮೇಲೆ ಪುಡಿ ಕರಗಿಸಲು ಅದು ಒಂದೇಟಿಗೆ ನೂರಾರು ವ್ಯಾಟು ಎಳೆಯುತ್ತದೆ.

ಇನ್ನೊಂದು ಸಂಗತಿ ನೋಡಿ. ಸಾಮಾನ್ಯ ರೌಟರ್ ನಡೆಯುವುದೇ 12 ವೋಲ್ಟಿನಲ್ಲಿ. ಬ್ಯಾಟರಿಯ 12 ವೋಲ್ಟನ್ನು 230ಕ್ಕೆ ಏರಿಸಿ, ಅಡಾಪ್ಟರಿನಲ್ಲಿ ಮತ್ತೆ 12ಕ್ಕೆ ಇಳಿಸುವುದೆಂದರೆ ಎರಡೂ ಕಡೆ ನಷ್ಟ. ರೌಟರಿಗೆಂದೇ ಅಂಗೈಯಗಲದ ಪುಟ್ಟ ಯುಪಿಎಸ್ ಸಿಗುತ್ತದೆ, ಈ ಸುತ್ತು ಬಳಸು ಅದಕ್ಕಿಲ್ಲ. ಬಾಡಿಗೆ ಕೋಣೆಯಲ್ಲಿ ಕೂತು ಕೆಲಸ ಮಾಡುವವರಿಗೆ ಲ್ಯಾಪ್‌ಟಾಪಿನ ಜೊತೆ ಅದೊಂದಿದ್ದರೆ ಸಾಕು.

ಎಷ್ಟು ಜೋಪಾನ ಮಾಡಿದರೂ ಬ್ಯಾಟರಿಗೆ ಒಂದು ದಿನ ಕೊನೆಯಿದೆ. ಆಗ ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು ಗುಜರಿಗೆ ಹಾಕಬೇಡಿ. ಬಯಲಿನಲ್ಲಿ ಒಡೆದು ಆಮ್ಲವನ್ನು ಮಣ್ಣಿಗೆ ಚೆಲ್ಲಿದರೆ ಸೀಸವೂ ಅದರ ಜೊತೆ ಹೋಗುತ್ತದೆ, ಅದು ಮಕ್ಕಳ ಮಿದುಳಿಗೆ ವಿಷ. ಹೊಸದು ಕೊಳ್ಳುವ ಅಂಗಡಿಗೇ ಹಳೆಯದನ್ನು ಕೊಡಿ. ಹೊಸದರ ಬೆಲೆಯಲ್ಲಿ ಅಷ್ಟು ಕಳೆಯುತ್ತಾರೆ, ಒಳಗಿನ ಸೀಸ ಕರಗಿ ಮತ್ತೆ ಬ್ಯಾಟರಿಯಾಗುತ್ತದೆ.