ಅಂಕೆ ಬದಲಿಸಿದರೆ ಅನ್ಯರ ಕಡತ!

೨೦೧೯ನೆಯ ಇಸವಿಯ ಮೇ ತಿಂಗಳಲ್ಲಿ ಅಮೆರಿಕದಿಂದ ವಿಚಿತ್ರವಾದ ಸುದ್ದಿಯೊಂದು ಹೊರಟಿತು. ಕ್ಯಾಲಿಫೋರ್ನಿಯದ ‘ಫಸ್ಟ್ ಅಮೆರಿಕನ್’ ಎಂಬುದು ಮನೆ ನಿವೇಶನಗಳ ಹಕ್ಕುಪತ್ರಗಳಿಗೆ ವಿಮೆ ಒದಗಿಸುವ ದೊಡ್ಡ ಸಂಸ್ಥೆ. ಕೊಳ್ಳುವವರ, ಮಾರುವವರ ಕಾಗದಪತ್ರಗಳನ್ನು ಅದು ತನ್ನ ಗಣಕಯಂತ್ರಗಳಲ್ಲಿರಿಸಿ, ಗ್ರಾಹಕರಿಗೆ ಇಂಟರ್‌ನೆಟ್ಟಿನ ಕೊಂಡಿಯೊಂದನ್ನು ಕಳುಹಿಸುತ್ತಿತ್ತು. ಕೊಂಡಿಯಲ್ಲಿ ಕಡತದ ಕ್ರಮಸಂಖ್ಯೆಯಿರುತ್ತಿತ್ತು. ಅದರ ಅಂಕೆಯೊಂದನ್ನು ಬದಲಿಸಿದರೆ ಸಾಕು, ಬೇರೊಬ್ಬರ ಕಡತ ಕಣ್ಣೆದುರಿಗೆ ಬರುತ್ತಿತ್ತು! ಪಾಸ್‌ವರ್ಡನ್ನು ಕೇಳುವವರೇ ಇರಲಿಲ್ಲ. ಬ್ಯಾಂಕಿನ ಲೆಕ್ಕ, ತೆರಿಗೆಯ ಕಾಗದ ಮೊದಲಾದ ಸುಮಾರು ೮೮ ಕೋಟಿ ೫೦ ಲಕ್ಷ ದಾಖಲೆಗಳು ಹೀಗೆ ಬಯಲಿನಲ್ಲಿ ಬಿದ್ದಿದ್ದುವೆಂದು ಬ್ರಯಾನ್ ಕ್ರೆಬ್ಸ್ ಎಂಬ ಪತ್ರಕರ್ತರು ಪ್ರಕಟಿಸಿದರು. ಸಂಸ್ಥೆಯ ಪರೀಕ್ಷೆಯಲ್ಲಿ ಈ ಲೋಪ ೨೦೧೮ರ ಡಿಸೆಂಬರಿನಲ್ಲಿಯೇ ಕಂಡುಬಂದಿದ್ದಿತೆಂದು ಅನಂತರ ತಿಳಿಯಿತು. ಕಂಡೂ ಮುಚ್ಚದ ಬಿರುಕಿಗೆ ಏನೆನ್ನೋಣ?

ಇಲ್ಲಿ ತಪ್ಪಿದ್ದೆಲ್ಲಿ? ಬ್ಯಾಂಕಿನ ಲಾಕರನ್ನು ನೆನೆಯಿರಿ. ಬಾಗಿಲೊಳಗೆ ಬಂದವರೆಲ್ಲ ಬೇಕಾದ ಪೆಟ್ಟಿಗೆಯನ್ನು ತೆರೆಯಲಾಗದಷ್ಟೆ. ‘ನೀನು ಯಾರು?’ ಎಂಬುದು ಒಂದು ಪ್ರಶ್ನೆ. ‘ಈ ಪೆಟ್ಟಿಗೆ ನಿನ್ನದೇ?’ ಎಂಬುದು ಮತ್ತೊಂದು. ಪಾಸ್‌ವರ್ಡು ಮೊದಲನೆಯದಕ್ಕೆ ಮಾತ್ರ ಉತ್ತರ. ಎರಡನೆಯದನ್ನು ಪ್ರತಿಯೊಂದು ಕಡತವನ್ನು ಕೊಡುವಾಗಲೂ ಹೊಸದಾಗಿ ಕೇಳಬೇಕು. ೧೯೬೦ರ ದಶಕದಲ್ಲಿ ಎಂ.ಐ.ಟಿ.ಯವರೂ ಅವರ ಸಂಗಡಿಗರೂ ರೂಪಿಸಿದ ‘ಮಲ್ಟಿಕ್ಸ್’ ವ್ಯವಸ್ಥೆಯಲ್ಲಿ ಒಂದೊಂದು ಕಡತಕ್ಕೂ ಒಂದು ಪಟ್ಟಿ ಅಂಟಿಕೊಂಡಿರುತ್ತಿತ್ತು: ಇದನ್ನು ಓದಬಲ್ಲವರು ಯಾರು, ತಿದ್ದಬಲ್ಲವರು ಯಾರು ಎಂದು. ೧೯೭೫ರಲ್ಲಿ ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು ಇನ್ನೊಂದು ಸೂತ್ರವನ್ನು ಸ್ಪಷ್ಟಪಡಿಸಿದರು: ಅಪ್ಪಣೆಯಿದೆಯೆಂದು ತೋರದ ಹೊರತು ‘ಇಲ್ಲ’ ಎಂಬುದೇ ಯಂತ್ರದ ಉತ್ತರವಾಗಿರಬೇಕು.

ಕ್ರಮಸಂಖ್ಯೆಗೆ ಬದಲಾಗಿ ಊಹಿಸಲಾಗದ ಸಂಖ್ಯೆಯನ್ನಿಟ್ಟರೆ ಸಾಲದೆ? ಲೆಕ್ಕ ಹಾಕಿ ನೋಡೋಣ. ಭೌತಶಾಸ್ತ್ರದವನಿಗೆ ಲೆಕ್ಕವಿಲ್ಲದೆ ಸಮಾಧಾನವಾಗದು. ಒಂಬತ್ತು ಅಂಕೆಗಳ ಸಂಖ್ಯೆಗಳು ಒಟ್ಟು ೧೦೦ ಕೋಟಿ. ಸೆಕೆಂಡಿಗೆ ಸಾವಿರದಂತೆ ಕೇಳುತ್ತ ಹೋಗುವ ಯಂತ್ರಕ್ಕೆ ೧೦ ಲಕ್ಷ ಸೆಕೆಂಡು, ಅಂದರೆ ಹನ್ನೆರಡು ದಿನ ಕೂಡ ಬೇಡ. ೧೨೮ ಬಿಟ್ಟುಗಳ ಸಂಖ್ಯೆಯಾದರೋ, ಸಾಧ್ಯತೆಗಳು ೩೪ರ ಮುಂದೆ ೩೭ ಸೊನ್ನೆಗಳಷ್ಟು. ಅದೇ ಯಂತ್ರಕ್ಕೆ ಬೇಕಾಗುವ ಸೆಕೆಂಡುಗಳು ೩೪ರ ಮುಂದೆ ೩೪ ಸೊನ್ನೆ. ವಿಶ್ವದ ವಯಸ್ಸಾದರೂ ಸೆಕೆಂಡುಗಳಲ್ಲಿ ೪ರ ಮುಂದೆ ೧೭ ಸೊನ್ನೆಗಳಿಗಿಂತ ತುಸು ಹೆಚ್ಚು, ಅಷ್ಟೆ!

ಆದರೂ ಇದು ಅರ್ಧ ರಕ್ಷಣೆ. ಊಹಿಸಲಾಗದ ಕೊಂಡಿಯನ್ನು ಗ್ರಾಹಕನೇ ಗೆಳೆಯನಿಗೆ ಕಳುಹಿಸಬಹುದು. ಗೆಳೆಯ ಹತ್ತು ಮಂದಿಗೆ ಕಳುಹಿಸಬಹುದು. ಕೊಂಡಿ ಕೈಗಳನ್ನು ಎಣಿಸಬಲ್ಲುದೆ? ಆದ್ದರಿಂದ ಕೊಂಡಿಗೆ ಅವಧಿಯೊಂದಿರಬೇಕು. ಗುಟ್ಟಿನ ಕಡತವಾದರೆ ಹೆಸರಿನ ಪಟ್ಟಿಯೂ ಬೇಕು.

ಫೋಲ್ಡರಿನ ವಿಷಯ ಇನ್ನೂ ಸೂಕ್ಷ್ಮ. ಇಂದಿನ ಅನೇಕ ವ್ಯವಸ್ಥೆಗಳಲ್ಲಿ ಫೋಲ್ಡರಿಗೆ ಕೊಟ್ಟ ಅಪ್ಪಣೆ ಅದರೊಳಗಿನ ಕಡತಗಳಿಗೆಲ್ಲ ಹರಿಯುತ್ತದೆ. ನಾಳೆ ಹಾಕುವ ಕಡತಕ್ಕೂ ಸಹ. ಪ್ರಯೋಗದ ಅಂಕಿಗಳನ್ನು ಹಂಚಿಕೊಳ್ಳಲೆಂದು ನನ್ನ ವಿದ್ಯಾರ್ಥಿಗಳು ಒಂದು ಫೋಲ್ಡರನ್ನು ತರಗತಿಗೆಲ್ಲ ತೆರೆದಿಟ್ಟಿದ್ದರು. ಮೂರು ತಿಂಗಳಾದ ಮೇಲೆ ಅವರಲ್ಲೊಬ್ಬ ತನ್ನ ಆಧಾರ್ ಚೀಟಿಯ ಪ್ರತಿಯನ್ನು ಮರೆತು ಅದರಲ್ಲಿಯೇ ಇರಿಸಿದ. ಅಪ್ಪಣೆಯ ಪಟ್ಟಿಯನ್ನು ತೆರೆದು ನೋಡಿದೆವು: ‘ಕೊಂಡಿಯುಳ್ಳ ಯಾರಾದರೂ’ ಎಂದಿತ್ತು.