ಗ್ರೀಕ್ ನಗರರಾಜ್ಯಗಳೂ ದುರ್ಗಸೀಮೆಯ ಪಾಳೆಯಪಟ್ಟುಗಳೂ

ಚಳ್ಳಕೆರೆಗೆ ಸಮೀಪದ ದೊಡ್ಡೇರಿಯಲ್ಲಿ 1695ನೆಯ ಇಸವಿಯ ಕೊನೆಯ ಭಾಗದಲ್ಲಿ ಔರಂಗಜೇಬನ ದೊಡ್ಡದೊಂದು ಸೇನೆ ಹಸಿವಿನಿಂದ ಸೋತಿತು. ಮರಾಠರ ಸಂತಾಜಿ ಘೋರ್ಪಡೆಯನ್ನು ತಡೆಯಲು ಹೊರಟಿದ್ದ ಶಿರಾದ ಮೊಗಲ್ ಅಧಿಕಾರಿ ಖಾಸಿಂಖಾನನು ತನ್ನ ಡೇರೆ ಸಾಮಗ್ರಿಗಳನ್ನು ಮುಂದಾಗಿ ಕಳುಹಿಸಿ, ಅವು ಲೂಟಿಯಾದ ಮೇಲೆ ಎಚ್ಚೆತ್ತನು. ಕಾಳಗದಲ್ಲಿ ಹಿಮ್ಮೆಟ್ಟಿ ದೊಡ್ಡೇರಿಯ ಪುಟ್ಟ ಕೋಟೆಯನ್ನು ಹೊಕ್ಕನು. ಕೆರೆಯ ನೀರು ದೊರೆಯಿತು, ಕಾಳು ದೊರೆಯಲಿಲ್ಲ. ಕುದುರೆಗಳು ಮನೆಗಳ ಮೇಲಿನ ಹುಲ್ಲುಹೊದಿಕೆಯನ್ನೇ ತಿಂದು ಮುಗಿಸಿದವು. ಖಾನನು ಅಲ್ಲಿಯೇ ಸತ್ತನು. ಅಫೀಮು ಸಿಗದೆ ಸತ್ತನೆಂದು ಕೆಲವರೂ ಅವಮಾನಕ್ಕೆ ಅಂಜಿ ವಿಷ ಸೇವಿಸಿದನೆಂದು ಕೆಲವರೂ ಬರೆದಿದ್ದಾರೆ. ಉಳಿದವರು 20 ಲಕ್ಷ ರೂಪಾಯಿ ತೆರಲು ಒಪ್ಪಿ ಜೀವ ಉಳಿಸಿಕೊಂಡರು. ಈ ಜಯದಲ್ಲಿ ಸಂತಾಜಿಯ ಪಕ್ಷ ಹಿಡಿದಿದ್ದವನು ಚಿತ್ರದುರ್ಗದ ಭರಮಣ್ಣನಾಯಕ (1689–1721). ಅಲ್ಲಿ ಯಾರ ಮನೆಯ ಹುಲ್ಲು ಯಾರ ಕುದುರೆಗೆ ಮೇವಾಯಿತೆಂಬುದನ್ನು ನಮ್ಮ ಚರಿತ್ರಕಾರರು ಅಷ್ಟಾಗಿ ವಿಚಾರಿಸಿಲ್ಲ.

ಈ ಪ್ರಸಂಗವನ್ನು ಓದುವಾಗ ಗ್ರೀಸ್ ದೇಶದ ಚರಿತ್ರೆಯನ್ನು ಬಲ್ಲವರಿಗೆ ಅಥೆನ್ಸ್ ನಗರದ ಪತನವು ನೆನಪಾಗದಿರದು. ಸ್ಪಾರ್ಟಕ್ಕೂ ಅಥೆನ್ಸಿಗೂ ಕ್ರಿ.ಪೂ. 431ರಿಂದ 404ರವರೆಗೆ ನಡೆದ ಯುದ್ಧದಲ್ಲಿ ಅಥೆನ್ಸಿನ ಕೋಟೆಯನ್ನು ಯಾರೂ ಒಡೆಯಲಿಲ್ಲ. ಕಪ್ಪು ಸಮುದ್ರದ ಕಡೆಯಿಂದ ಧಾನ್ಯ ಬರುವ ದಾರಿಯನ್ನು ಸ್ಪಾರ್ಟದ ನೌಕಾಬಲವು ಕ್ರಿ.ಪೂ. 405ರಲ್ಲಿ ಕಡಿದುಹಾಕಿತು, ನಗರವು ಹೊಟ್ಟೆಗಿಲ್ಲದೆ ಶರಣಾಯಿತು. ಆ ನೌಕಾಬಲವನ್ನು ಕಟ್ಟಲು ಹಣ ಕೊಟ್ಟವರೋ, ಗ್ರೀಕರೆಲ್ಲರಿಗೂ ಹಿಂದೆ ಸಮಾನಶತ್ರುಗಳಾಗಿದ್ದ ಪಾರಸಿಕರು!

ಹೋಲಿಕೆಯು ಎಲ್ಲಿಂದಲೋ ಎಳೆದುತಂದುದೆಂದು ವಾಚಕರು ಭಾವಿಸಬೇಕಾಗಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನಗಳು ಇಸಿಲವೆಂಬ ಊರಿನ ಮಹಾಮಾತ್ರರಿಗೆ, ಸುವರ್ಣಗಿರಿಯ ಆರ್ಯಪುತ್ರನ ಮೂಲಕ, ಬಂದ ಆಜ್ಞೆಗಳಾಗಿವೆ. ಅದೇ ಅಶೋಕನು ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ಐವರು ಗ್ರೀಕ್ ಅರಸರ ಹೆಸರು ಹೇಳಿದ್ದಾನೆ. ಈ ಶಾಸನಗಳ ಲಿಪಿಕಾರ ಚಪಡನು ತನ್ನ ಕಸುಬಿನ ಹೆಸರನ್ನು ವಾಯವ್ಯ ಗಡಿಯ ಖರೋಷ್ಠೀ ಲಿಪಿಯಲ್ಲಿ ಬರೆದಿರುವನು. ಗ್ರೀಕರ ನೆರೆಯಲ್ಲಿ ಬಳಕೆಯಲ್ಲಿದ್ದ ಅಕ್ಷರವು ನಮ್ಮ ಬಂಡೆಯ ಮೇಲೆ ಅಂದೇ ಬಿದ್ದಿತ್ತು.

ವಿಜಯನಗರದ ಬಲವು 1565ರ ರಕ್ಕಸತಂಗಡಿಯ ಯುದ್ಧದಲ್ಲಿ ಕುಗ್ಗಿದ ಮೇಲೆ ಈ ಸೀಮೆಯು ಗ್ರೀಸಿನಂತೆಯೇ ಬೆಟ್ಟಕ್ಕೊಂದು ರಾಜ್ಯವಾಯಿತು. ಚಿತ್ರದುರ್ಗ, ಹರಪನಹಳ್ಳಿ, ರಾಯದುರ್ಗ, ನಿಡುಗಲ್ಲುಗಳೂ ನಾಯಕನಹಟ್ಟಿಯಂಥ ಚಿಕ್ಕ ಪಟ್ಟುಗಳೂ ಒಂದರ ಬೆನ್ನಿಗೊಂದು ನಿಂತವು. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶವಿದು. ಇಲ್ಲಿ ರಾಜ್ಯವೆಂದರೆ ಒಂದು ಬೆಟ್ಟ, ಅದರ ಮೇಲೊಂದು ಕೋಟೆ, ಕೆಳಗೆ ಕೆರೆ, ಅದರಾಚೆ ದನ ಮೇಯುವ ಕಾವಲು. ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ನೋಡುವವರು ಗೋಡೆ ಬುರುಜುಗಳನ್ನು ಮೆಚ್ಚುವರು. ಅಕ್ಕ-ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡಗಳೇ ಆ ಕೋಟೆಯ ಪ್ರಾಣವೆಂದು ನಮ್ಮ ಅಭಿಪ್ರಾಯ. ಸ್ಪಾರ್ಟ ನಗರಕ್ಕಾದರೋ ಕೋಟೆಯೇ ಇರಲಿಲ್ಲ; ತಮ್ಮ ಯೋಧರೇ ತಮ್ಮ ಗೋಡೆಯೆಂಬುದು ಅವರ ಹೆಮ್ಮೆ.

ಆ ಯೋಧರ ಅನ್ನವನ್ನು ಬೆಳೆಯುತ್ತಿದ್ದವರು ಹೆಲಟರೆಂಬ ಜೀತದವರು. ಸ್ಪಾರ್ಟದ ಪ್ರಜೆಗೆ ಕೃಷಿಯೂ ಕಸುಬೂ ನಿಷಿದ್ಧವಾಗಿದ್ದವು. ಏಳನೆಯ ವಯಸ್ಸಿಗೆ ಹುಡುಗನನ್ನು ಮನೆಯಿಂದ ಬಿಡಿಸಿ ಗುಂಪಿನಲ್ಲಿ ಸೇರಿಸಿ ಹಸಿವು, ಚಳಿ, ಏಟುಗಳನ್ನು ತಾಳುವ ಶಿಕ್ಷಣವನ್ನು ಕೊಡುತ್ತಿದ್ದರು. ದುರ್ಗಸೀಮೆಯ ಬೇಡ ಯೋಧನ ರೀತಿ ಬೇರೆ. ಅವನು ಉಂಬಳಿಯ ಹೊಲವನ್ನು ತಾನೇ ಉಳುವವನು, ಇಲ್ಲವೆ ದನ ಕಾಯುವವನು. ಕರೆ ಬಂದಾಗ ಆಯುಧ ಹಿಡಿಯುವವನು. ಊರಬೇಡರು, ಮ್ಯಾಸಬೇಡರೆಂಬ ಎರಡು ಕವಲುಗಳಲ್ಲಿ ಮ್ಯಾಸಬೇಡರು ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಪಶುಪಾಲಕರು. ಇಂದಿಗೂ ದೇವರ ಎತ್ತುಗಳನ್ನು ಕಿಲಾರಿಗಳು ಕಾಯುವುದನ್ನೂ, ನನ್ನಿವಾಳದಂಥ ಕಟ್ಟೆಮನೆಗಳಲ್ಲಿ ಹಿರಿಯರು ಕೂಡಿ ನ್ಯಾಯ ತೀರಿಸುವುದನ್ನೂ ಕಾಣಬಹುದು. ಪಟ್ಟದ ಅರಸರು ಹೋಗಿ ಎರಡು ಶತಮಾನಗಳಾದರೂ ಅರಸರಿಲ್ಲದ ಈ ಆಡಳಿತ ಉಳಿದಿದೆ. ಅರವತ್ತು ದಾಟಿದ 28 ಹಿರಿಯರೂ ಇಬ್ಬರು ಅರಸರೂ ಕೂಡುತ್ತಿದ್ದ ಸ್ಪಾರ್ಟದ ವೃದ್ಧಸಭೆಗೆ ನಮ್ಮಲ್ಲಿ ಸಮೀಪವಾದುದು ನಾಯಕನ ಚಾವಡಿಯಲ್ಲ, ಕಟ್ಟೆಮನೆ.

ಅಥೆನ್ಸಿನಲ್ಲಿ ಚೀಟಿ ಎತ್ತಿ ಆರಿಸಿದ 500 ಮಂದಿಯ ಮಂಡಲಿಯೂ ಪ್ರಜೆಗಳೆಲ್ಲ ಸೇರುವ ಸಭೆಯೂ ಇದ್ದವು. ಸ್ತ್ರೀಯರಿಗೂ ದಾಸರಿಗೂ ಅಲ್ಲಿ ಎಡೆಯಿರಲಿಲ್ಲವೆನ್ನಿ. ಸ್ಪಾರ್ಟದ ಅರಸರನ್ನು ವರ್ಷಕ್ಕೊಮ್ಮೆ ಆರಿಸಲ್ಪಟ್ಟ ಐವರು ಎಫರರು ವಿಚಾರಣೆಗೆ ಕರೆಯಬಹುದಾಗಿತ್ತು. ದುರ್ಗದಲ್ಲಿ ನಾಯಕನನ್ನು ಪ್ರಶ್ನಿಸಬಲ್ಲವನು ದಳವಾಯಿ ಒಬ್ಬನೇ. ಅವನಿಗೆ ವರ್ಷದ ಮಿತಿಯೂ ಇಲ್ಲ, ಲೆಕ್ಕ ಕೇಳುವವರೂ ಇಲ್ಲ. 1674ರಿಂದ 1689ರವರೆಗಿನ ಹದಿನೈದು ವರ್ಷಗಳಲ್ಲಿ ಐವರು ನಾಯಕರು ಪಟ್ಟವೇರಿದರು. ಕೆಲವರನ್ನು ಏರಿಸಿ ಇಳಿಸುವುದರಲ್ಲಿ ದಳವಾಯಿ ಮುದ್ದಣ್ಣನ ಕೈಯಿತ್ತು. ಈ ಗೊಂದಲದ ಕೊನೆಯಲ್ಲಿಯೇ ಭರಮಣ್ಣನಾಯಕನಿಗೆ ಪಟ್ಟವಾದುದು.

ಇನ್ನು ನಮ್ಮ ವಾಚಕರಿಗೆ ಮುಖ್ಯವಾದ ವಿಷಯ. ಗ್ರೀಕರೆಲ್ಲರಿಗೂ ದೇವರುಗಳು ಒಂದೇ, ಭಾಷೆ ಒಂದೇ. ಒಲಿಂಪಿಯದ ಉತ್ಸವಕಾಲದಲ್ಲಿ ಸಾರುತ್ತಿದ್ದ ಕದನವಿರಾಮವು ಯಾತ್ರಿಕರ ದಾರಿಯನ್ನು ಕಾಯುತ್ತಿತ್ತು, ಯುದ್ಧವನ್ನು ನಿಲ್ಲಿಸುತ್ತಿರಲಿಲ್ಲ. ನಮ್ಮಲ್ಲಿಯೂ ಹಾಗೆಯೇ. ಬಿದನೂರಿನ ಅರಸರು ವೀರಶೈವರು. ದುರ್ಗದ ನಾಯಕರು ಬೇಡರಾದರೂ ಮುರುಘಾಮಠದ ಭಕ್ತರು. ಭರಮಣ್ಣನು ಬಾಲಕನಾಗಿದ್ದಾಗ ಶಾಂತವೀರ ಮುರುಘಾಸ್ವಾಮಿಗಳ ಆಶೀರ್ವಾದ ಪಡೆದು, ಪಟ್ಟವಾದ ಮೇಲೆ ಮಠ ಕಟ್ಟಿಸಿದನೆಂದು ಪರಂಪರೆಯು ಹೇಳುತ್ತದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಕೆರೆ ಕಟ್ಟಿಸಿದ ಗುರುವೆಂದು ಎಲ್ಲ ಕುಲದವರೂ ನೆನೆಯುವರು. ಜಂಗಮರ ಜೋಳಿಗೆಗೆ ಈ ಗಡಿಗಳು ಇರಲಿಲ್ಲ. ಅರಸರ ಕತ್ತಿಗೆ ಇದ್ದವು.

1748ರ ಮಾಯಕೊಂಡದ ಯುದ್ಧದಲ್ಲಿ ಇದು ಕಣ್ಣಿಗೆ ಕಟ್ಟುವಂತಿದೆ. ಈಗಿನ ದಾವಣಗೆರೆ ಜಿಲ್ಲೆಯ ಆ ಬಯಲಿನಲ್ಲಿ ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರುಗಳು ಒಂದಾಗಿ ದುರ್ಗದ ಮೇಲೆ ಬಿದ್ದವು. ದುರ್ಗದ ಮದಕರಿನಾಯಕನ ಪಕ್ಷದಲ್ಲಿ ಚಂದಾಸಾಹೇಬನಿದ್ದನು. ಹರಪನಹಳ್ಳಿಯ ಸೋಮಶೇಖರನಾಯಕನು ಮದಕರಿಯನ್ನು ಕೊಂದನು. ಚಂದಾಸಾಹೇಬನ ಮಗ ಮಡಿದು, ತಾನು ಸೆರೆಯಾದನು. ದುರ್ಗದ ಕಡೆಯ ಲೇಖಕರು ಸೋಮಶೇಖರನನ್ನು ಕೇಡಿಗನೆಂದೂ ಮದಕರಿಯನ್ನು ವೀರನೆಂದೂ ಬರೆಯುವುದುಂಟು. ಹರಪನಹಳ್ಳಿಯಲ್ಲಿ ಕುಳಿತು ಬರೆದರೆ ಹೆಸರುಗಳು ಅದಲುಬದಲಾಗುವುವಷ್ಟೆ! ಎರಡು ಕಡೆಯವರೂ ಬೇಡರೇ. ಮದಕರಿಯ ಅನಂತರ ಪಟ್ಟಕ್ಕೆ ಬಂದ ಕಸ್ತೂರಿ ರಂಗಪ್ಪನಾಯಕನು ಮಾಯಕೊಂಡವನ್ನು ಮರಳಿ ಪಡೆದುದು ಶಿರಾದ ಸುಬೇದಾರನ ನೆರವಿನಿಂದ. ಶಿರಾದ ಸೇನೆಯನ್ನು ದೊಡ್ಡೇರಿಯಲ್ಲಿ ಉಪವಾಸ ಕೆಡವಿದ ಮನೆತನವೇ ಅರವತ್ತು ವರ್ಷ ತುಂಬುವುದರೊಳಗೆ ಶಿರಾದ ಬಾಗಿಲಿಗೆ ಹೋಯಿತು.

ಇದಕ್ಕಿಂತ ಮಿಗಿಲಾದುದು 1763ರ ಸಂಗತಿ. ಬಿದನೂರಿನ ಪಟ್ಟಕ್ಕೆ ತಾನೇ ಹಕ್ಕುದಾರನೆಂದು ಹೇಳಿಕೊಂಡು ಬಂದವನೊಬ್ಬನನ್ನು ಹೈದರಾಲಿಗೆ ಒಪ್ಪಿಸಿದವನು ದುರ್ಗದ ಕಡೆಯ ಮದಕರಿನಾಯಕನೇ. ಆ ನೆಪದಿಂದ ಹೈದರನು ರಾಣಿ ವೀರಮ್ಮಾಜಿಯ ಬಿದನೂರನ್ನು ನುಂಗಿದನು. ಮಾಯಕೊಂಡದ ಸೇಡು ತೀರಿತು. ಬಿದನೂರಿನ ಭಂಡಾರದಿಂದ ಬೆಳೆದ ಬಲವು 1777ರಲ್ಲಿ ದುರ್ಗವನ್ನು ಮುತ್ತಿತು. 1779ರಲ್ಲಿ ಕೋಟೆ ಕೈವಶವಾಯಿತು. ಆಗಲೂ ಗೋಡೆ ಬಿದ್ದುದಲ್ಲ, ನಾಯಕನ ಸಂಬಳದಲ್ಲಿದ್ದ ಒಂದು ಪಡೆ ಒಳಗಿನಿಂದ ಕೈಬಿಟ್ಟಿತು. ಗ್ರೀಸಿನಲ್ಲಿ ಪರಸ್ಪರ ಕಾದಾಡಿ ಬಳಲಿದ ನಗರಗಳನ್ನು ಮ್ಯಾಸಿಡೋನಿಯದ ಫಿಲಿಪ್ಪನು ಕ್ರಿ.ಪೂ. 338ರಲ್ಲಿ ಕೆರೋನಿಯದ ಒಂದೇ ಯುದ್ಧದಿಂದ ತಗ್ಗಿಸಿದ ಬಗೆಯೂ ಇದೇ.

ಕೋಟೆ ಬಿದ್ದ ಮೇಲೆ ಹೈದರನು ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದನು. ಅವರಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ತಾಯಿತಂದೆಗಳಿಂದ ಬೇರ್ಪಡಿಸಿ, ಮತಾಂತರಗೊಳಿಸಿ, ಚೇಲಾ ಎಂಬ ಪಡೆಗಳಾಗಿ ಕವಾಯತು ಕಲಿಸಿದನು. ಸ್ಪಾರ್ಟದ ಬಾಲಕನು ತನ್ನ ನಗರಕ್ಕಾಗಿ ಮನೆಯನ್ನು ಬಿಟ್ಟವನು. ಈ ಮಕ್ಕಳಿಗೆ ಮರಳಿ ಹೋಗಲು ಮನೆಯೂ ಇರಲಿಲ್ಲ, ನಗರವೂ ಇರಲಿಲ್ಲ.