ಕರುಳು ನಿಂತಾಗ ಅನ್ನದ ದಾರಿ

ಮೈಯಲ್ಲಿ ಕಸುವಿಲ್ಲವೆಂದರೆ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಳ್ಳಬೇಕೆಂಬ ನಂಬಿಕೆ ಚಾಮರಾಜನಗರ, ಗುಂಡ್ಲುಪೇಟೆಗಳ ಹಳ್ಳಿಗಳಲ್ಲಿ ಬೇರೂರಿದೆ. ಲೆಕ್ಕ ಹಾಕಿ ನೋಡೋಣ. ಶೇಕಡಾ 5ರ ಗ್ಲೂಕೋಸ್ ನೀರಿನ ಅರ್ಧ ಲೀಟರಿನಲ್ಲಿರುವ ಸಕ್ಕರೆ 25 ಗ್ರಾಂ ಮಾತ್ರ. ಅದರಿಂದ ದೊರೆಯುವ ಶಕ್ತಿ 100 ಕ್ಯಾಲೊರಿಯನ್ನು ಮೀರುವುದಿಲ್ಲ. ನಮ್ಮ ಮನೆಯ ಒಂದು ರಾಗಿಮುದ್ದೆ ಇದಕ್ಕಿಂತ ಮೇಲು. ಆ ನೀರು ಬಸವಳಿದ ದೇಹಕ್ಕೆ ಆಸರೆಯಾದೀತು, ಅನ್ನವಾಗಲಾರದು. ಹಾಗಾದರೆ ಬಾಯಿಂದ ಉಣ್ಣಲಾರದ, ಉಂಡರೂ ಅರಗಿಸಲಾರದ ಜೀವಕ್ಕೆ ಗತಿಯೇನು?

ನಾವು ಉಂಡ ಅನ್ನ ಜಠರದಲ್ಲಿ ನುರಿದು, ಸಣ್ಣ ಕರುಳಿನಲ್ಲಿ ಪೂರ್ಣವಾಗಿ ಪಚನಗೊಂಡು ದೇಹಗತವಾಗುತ್ತದೆ. ಕೆಲವು ಶಿಶುಗಳಿಗೆ ಹುಟ್ಟಿನಿಂದಲೇ ಈ ಕರುಳು ನಡುವೆ ಮುಚ್ಚಿಕೊಂಡಿರುವುದುಂಟು. ವೈದ್ಯರು ಕೆಟ್ಟ ಭಾಗವನ್ನು ತೆಗೆದು, ಉಳಿದ ತುದಿಗಳನ್ನು ಕೂಡಿಸಿ ಹೊಲಿಯುತ್ತಾರೆ. ಆದರೆ ಹೊಲಿದ ಕರುಳು ಕೆಲಸಕ್ಕೆ ತೊಡಗಲು ದಿನಗಳು ಬೇಕು. ಉಳಿದುದು ಬಹಳ ಗಿಡ್ಡವಾಗಿದ್ದರೆ ತಿಂಗಳುಗಳೇ ಬೇಕು. ಹಿಂದೆ ಶಸ್ತ್ರಚಿಕಿತ್ಸೆ ಗೆದ್ದರೂ ಕೂಸು ಹಸಿವಿಗೆ ಸೋಲುತ್ತಿತ್ತು.

ಈ ಗಂಟನ್ನು ಬಿಡಿಸಿದವರಲ್ಲಿ ಮುಖ್ಯರು ಅಮೆರಿಕದ ಡಾ. ಸ್ಟ್ಯಾನ್ಲಿ ಡಡ್ರಿಕ್ (1935–2020). ಕಲ್ಲಿದ್ದಲು ಗಣಿಗಳ ಸೀಮೆಯಲ್ಲಿ ಹುಟ್ಟಿದ ಇವರು, ಫಿಲಡೆಲ್ಫಿಯದಲ್ಲಿ ತರಬೇತಿ ಪಡೆಯುತ್ತಿದ್ದಾಗ, ಶಸ್ತ್ರಚಿಕಿತ್ಸೆ ಸರಿಯಾಗಿದ್ದರೂ ರೋಗಿಗಳು ಪೋಷಣೆಯಿಲ್ಲದೆ ಸಾಯುವುದನ್ನು ಕಂಡು ನೊಂದರು; ಡಾ. ಜೊನಾಥನ್ ರೋಡ್ಸ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆಗೆ ತೊಡಗಿದರು. ತೊಡಕು ಇಷ್ಟು: ಆಹಾರದ ದ್ರಾವಣ ತೆಳುವಾಗಿದ್ದರೆ ದೇಹ ತಾಳಲಾರದಷ್ಟು ನೀರು ಒಳಸೇರುತ್ತದೆ; ಗಟ್ಟಿಯಾಗಿದ್ದರೆ ಕೈಯ ಸಣ್ಣ ರಕ್ತನಾಳ ಕೆಟ್ಟುಹೋಗುತ್ತದೆ. ಒಂದು ಮೂಟೆ ಉಪ್ಪನ್ನು ತೋಟದ ಕಾಲುವೆಗೆ ಸುರಿದರೆ ಬೆಳೆ ಸುಟ್ಟುಹೋಗುತ್ತದೆ. ತುಂಬಿ ಹರಿಯುವ ಕಪಿಲೆಗೆ ಸುರಿದರೆ ಕ್ಷಣದಲ್ಲಿ ಕರಗಿ ಹೋಗುತ್ತದೆಯಷ್ಟೆ. ಅದರಂತೆ ಹೃದಯವನ್ನು ಸೇರುವ ಮಹಾಸಿರೆಯವರೆಗೆ ಸಣ್ಣ ಕೊಳವೆಯನ್ನು ತೂರಿಸಿ, ಅಲ್ಲಿಯ ರಭಸದ ರಕ್ತಪ್ರವಾಹಕ್ಕೆ ಗಟ್ಟಿ ದ್ರಾವಣವನ್ನು ಬಿಡುವುದೇ ಅವರು ಹಿಡಿದ ದಾರಿ. ಅದರಲ್ಲಿ ಸಕ್ಕರೆ, ಅಮೈನೋ ಆಮ್ಲ, ಲವಣ, ಜೀವಸತ್ವಗಳೆಲ್ಲ ಇದ್ದವು.

ಮೊದಲು 6 ನಾಯಿಮರಿಗಳಿಗೆ 72ರಿಂದ 256 ದಿನಗಳವರೆಗೆ ಹೀಗೆ ಉಣಿಸಲಾಯಿತು. ಅವು ಬಾಯಿಂದ ತಿಂದ ಮರಿಗಳಂತೆಯೇ ಬೆಳೆದವು. 1967ರಲ್ಲಿ ಸಣ್ಣ ಕರುಳು ಬಹುಪಾಲು ಇಲ್ಲದೆ ಹುಟ್ಟಿದ್ದ ಹೆಣ್ಣುಕೂಸೊಂದಕ್ಕೆ ಈ ಕ್ರಮವನ್ನು ಅನ್ವಯಿಸಿದರು. ಕೂಸು ತೂಕದಲ್ಲಿಯೂ ಉದ್ದದಲ್ಲಿಯೂ ಬೆಳೆಯಿತು. ಅದು ಸುಮಾರು 22 ತಿಂಗಳು ಮಾತ್ರ ಬದುಕಿತು. ಆದರೆ ರಕ್ತನಾಳದ ಮೂಲಕವೇ ಮಗುವನ್ನು ಬೆಳೆಸಬಹುದೆಂಬುದು ಆ ಪುಟ್ಟ ಜೀವದಿಂದ ಲೋಕಕ್ಕೆ ತಿಳಿಯಿತು.

ಇದೇ ಪ್ರಶ್ನೆಯ ಇನ್ನೊಂದು ಮುಖವನ್ನು ನಮ್ಮ ನೆರೆಯ ಮೈಸೂರು ಕಂಡಿದೆ. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ಎಮ್ಮೆಯ ಹಾಲಿನ ಕೊಬ್ಬನ್ನು ತಗ್ಗಿಸಿ, ಅದು ಹೊಟ್ಟೆಯಲ್ಲಿ ಮೃದುವಾಗಿ ಒಡೆಯುವಂತೆ ತಿದ್ದಿ, ಶಿಶುಗಳಿಗೆ ಒಗ್ಗುವ ಹಾಲುಪುಡಿಯನ್ನು ರೂಪಿಸಿದರು. ಮೈಸೂರಿನವರು ಕರುಳಿಗೆ ತಕ್ಕಂತೆ ಆಹಾರವನ್ನು ತಿದ್ದಿದರು. ಡಡ್ರಿಕ್ ಕರುಳನ್ನೇ ಬಳಸಿಕೊಂಡು ಹೋಗುವ ಅಡ್ಡದಾರಿಯನ್ನು ಕಂಡರು.

ಆದರೆ ಅಡ್ಡದಾರಿ ಹೆದ್ದಾರಿಯಲ್ಲ. ಕೊಳವೆಯಿಂದ ಸೋಂಕು ತಗಲಬಹುದು. ಬಹುಕಾಲ ಮುಂದುವರಿದರೆ ಯಕೃತ್ತಿಗೆ ಕೇಡು. ಆದುದರಿಂದ ಕರುಳು ಸ್ವಲ್ಪ ಎಚ್ಚರಗೊಂಡರೂ ವೈದ್ಯರು ಹನಿಹನಿಯಾಗಿ ತಾಯಿಯ ಹಾಲನ್ನು ಕೊಡತೊಡಗುತ್ತಾರೆ. ದುಡಿಸಿದ ಎತ್ತಿನಂತೆ ಕರುಳೂ ಕೆಲಸ ಕೊಟ್ಟಷ್ಟೂ ಬಲಿಯುತ್ತದೆ.

ಈ ವಿದ್ಯೆ ಎಷ್ಟು ಬೆಳೆದರೂ ಕೂಸು ಸಕಾಲಕ್ಕೆ ವೈದ್ಯರ ಕೈಸೇರದಿದ್ದರೆ ಫಲವಿಲ್ಲ. ಹುಟ್ಟಿದ ಕೂಸು ಹಸಿರು ಬಣ್ಣದ ವಾಂತಿ ಮಾಡಿದರೆ ಕರುಳು ಕಟ್ಟಿರಬಹುದು. ಆಗ ದೃಷ್ಟಿ ತೆಗೆಯುತ್ತ, ಬಜೆ ತೇಯುತ್ತ ಒಂದು ರಾತ್ರಿಯನ್ನೂ ಕಳೆಯಬಾರದು. ಚಾಮರಾಜನಗರದಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರು. ನಮ್ಮಲ್ಲಿ ಅನೇಕರು ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ಬಾಣಂತಿಯಿರುವ ಮನೆಯಲ್ಲಿ ನಮ್ಮ ಮಾತಿಗೆ ಇಂದು ಬೆಲೆಯಿದೆ. ಅದನ್ನು ಆಡಬೇಕಾದ ಹೊತ್ತಿಗೆ ಆಡೋಣ.